ಮುಂಚೆಯೇ ಹೇಳಿದ ತಪ್ಪಿಗೆ

ಆ ಟಿಕ್ಕು ಹಾಕಿದವಳು ಅವಳೇ. ಯಾರೂ ಕೈ ಹಿಡಿದು ಹಾಕಿಸಲಿಲ್ಲ. ನೀಲಿ ಪೆನ್ನು, ಸ್ವಂತ ಕೈ, ಹಗಲು ಹನ್ನೊಂದು ಗಂಟೆ. ಹದಿನೇಳನೇ ಪ್ರಶ್ನೆಯ ಮುಂದೆ ಎರಡು ಚೌಕಗಳಿದ್ದವು. ಒಂದರ ಕೆಳಗೆ ಹೌದು, ಇನ್ನೊಂದರ ಕೆಳಗೆ ಇಲ್ಲ. ಅವಳು ಹೌದು ಎಂಬುದಕ್ಕೆ ಹಾಕಿದಳು. ಯಾಕೆಂದರೆ ಅದು ನಿಜವಾಗಿತ್ತು.

ಬೀದಿಯವರು ಅವಳನ್ನು ಫಾರಮ್ಮ ಎಂದು ಕರೆಯುತ್ತಿದ್ದರು. ಬ್ಯಾಂಕಿನಲ್ಲಿ ಅವಳ ಕೆಲಸ ಫಾರಂ ತುಂಬುವುದು. ಸಾಲ ಕೇಳಿದವರ, ಸಾಲ ತೆಗೆದುಕೊಂಡವರ ಮನೆಬಾಗಿಲಿಗೆ ಹೋಗಬೇಕು. ಮನೆ ಸ್ವಂತದ್ದೋ ಬಾಡಿಗೆಯದೋ, ಗೋಡೆ ಗಟ್ಟಿಯಿದೆಯೋ, ದುಡಿಯುವವರೆಷ್ಟು, ಉಣ್ಣುವವರೆಷ್ಟು ಎಂದು ಕೇಳಿ ಬರೆದುಕೊಳ್ಳಬೇಕು. ಕಾಯಂ ಕೆಲಸವಲ್ಲ. ವರ್ಷಕ್ಕೊಮ್ಮೆ ಕಾಗದ ಹೊಸದಾಗಬೇಕು. ಹಗಲು ಬಟ್ಟೆ ಒಗೆದು, ಸಂಜೆ ಕಾಲೇಜಿಗೆ ಹೋಗಿ, ಎರಡು ಸಲ ಫೇಲಾಗಿ ಮೂರನೇ ಸಲ ಪಾಸಾಗಿ ಹಿಡಿದ ಕೆಲಸ. ಹಾಗಾಗಿ ಅವಳಿಗೆ ಯಾವಾಗಲೂ ಹೆದರಿಕೆ. ಒಂದು ಫಾರಂ ತುಂಬಿದರೆ ಮೂರು ಸಲ ಓದುವಳು. ಬಸ್ಸಿನಲ್ಲಿ ಕೂತು ಮತ್ತೆ ಬ್ಯಾಗಿನಿಂದ ತೆಗೆದು ಓದುವಳು. ಬಾಗಿಲು ಮರದ್ದು ಎಂದು ಬರೆದೆನಲ್ಲ, ತಗಡಿನದಾಗಿತ್ತೇ ಎಂಬ ಅನುಮಾನ ಬಂದು ಅರ್ಧ ದಾರಿಯಲ್ಲಿ ಇಳಿದು, ನಡೆದುಕೊಂಡು ವಾಪಸು ಹೋಗಿ ಆ ಬಾಗಿಲನ್ನು ತಟ್ಟಿ ನೋಡಿ ಬಂದದ್ದೂ ಉಂಟು.

"ಏನಮ್ಮ ಫಾರಮ್ಮ, ಇವತ್ತು ನಮ್ಮನೆ ಗೋಡೆಗೆ ಎಷ್ಟು ಮಾರ್ಕ್ಸು?" ಎಂದು ಬೀದಿ ತುದಿಯ ಇಸ್ತ್ರಿ ಮಾವ ಕಾಡಿಸುತ್ತಿದ್ದ.

"ಗೋಡೆ ಪಾಸು ಮಾವ. ನೀನೇ ಫೇಲು."

"ಹೋಗ್ಲಿ ಬಿಡು. ನಮ್ಮ ವಂಶದಲ್ಲಿ ಒಂದು ಗೋಡೆಯಾದ್ರೂ ಪಾಸಾಯ್ತಲ್ಲ."

ಆ ಬೀದಿಯಲ್ಲಿ ನಲವತ್ತು ಮನೆ. ನಲವತ್ತರಲ್ಲೂ ಆಸ್ಪತ್ರೆಯ ಬಟ್ಟೆ ಒಗೆಯುತ್ತಾರೆ. ಹೆರಿಗೆಯ ಬಟ್ಟೆ, ಆಪರೇಷನ್ನಿನ ಬಟ್ಟೆ, ಸತ್ತವರ ಕೆಳಗಿಂದ ಎಳೆದ ಚಾದರ. ಊರಿನಲ್ಲಿ ಇನ್ಯಾರೂ ಮುಟ್ಟದ ಬಟ್ಟೆ. ಬೆಳ್ಳಗೆ ಮಾಡಿ ಮಡಿಸಿ ಕಳಿಸಿದರೆ ಅದೇ ಚಾದರದ ಮೇಲೆ ಊರಿಗೆ ಊರೇ ಮೈ ಚಾಚುತ್ತದೆ. ಒಗೆದವರನ್ನು ಮಾತ್ರ ಯಾರೂ ಹತ್ತಿರ ಕೂರಿಸಿಕೊಳ್ಳುವುದಿಲ್ಲ. ಬಸ್ಸಿನಲ್ಲಿ ಬ್ಲೀಚಿಂಗ್ ಪುಡಿಯ ವಾಸನೆ ಬಂದರೆ ಪಕ್ಕದ ಸೀಟು ತಾನಾಗಿ ಖಾಲಿಯಾಗುತ್ತದೆ.

ಫಾರಮ್ಮನನ್ನು ಸಾಕಿದವಳು ದೊಡ್ಡಮ್ಮ. ತಾಯಿಯ ಅಕ್ಕ. ತಾಯಿ ತೀರಿಕೊಂಡಾಗ ಮಗುವಿಗೆ ನಾಲ್ಕು ವರ್ಷ. ದೊಡ್ಡಮ್ಮ ಅವಳನ್ನು ಒಗೆಯುವ ಕಲ್ಲಿನ ಪಕ್ಕ ಕೂರಿಸಿಕೊಂಡು ದಿನಕ್ಕೆ ನೂರ ಇಪ್ಪತ್ತು ಚಾದರ ಒಗೆದಳು. ರಕ್ತದ ಬಟ್ಟೆಗೆ ಮೊದಲು ತಣ್ಣೀರು. ಬಿಸಿನೀರು ಮೊದಲು ತಗುಲಿದರೆ ಕಲೆ ಜನ್ಮಕ್ಕೂ ಹೋಗದು. ಮೊಣಕೈವರೆಗೆ ತಣ್ಣೀರಲ್ಲಿ ಅದ್ದಿ ಉಜ್ಜಬೇಕು. ನೀರು ಕೆಂಪಾದರೆ ಚೆಲ್ಲಿ ಹೊಸ ನೀರು. ಮತ್ತೆ ಕೆಂಪು, ಮತ್ತೆ ಹೊಸದು. ಆಮೇಲೆ ಹಂಡೆಯ ಕುದಿನೀರಲ್ಲಿ ಸೋಡಾ. ಆಮೇಲೆ ಬ್ಲೀಚಿಂಗ್. ದೊಡ್ಡಮ್ಮನ ಉಗುರುಗಳು ಬುಡದಿಂದ ಎದ್ದಿದ್ದವು. ಬೆರಳ ತುದಿ ಸವೆದ ಸೋಪಿನ ಚೂರಿನ ಹಾಗೆ ನುಣುಪಾಗಿತ್ತು.

ಆ ಬೀದಿಗೆ ಒಂದು ಪದ್ಧತಿ ಇತ್ತು. ಅದನ್ನು ಯಾರೂ ಬರೆದಿಟ್ಟಿರಲಿಲ್ಲ. ಒಬ್ಬರ ಕೈಯಲ್ಲಿ ಸಾಲ ತೆಗೆದುಕೊಂಡಿದ್ದು, ಹೇಳಿದ ದಿನಕ್ಕೆ ಕೊಡಲು ಆಗದು ಎನಿಸಿದರೆ, ಆ ದಿನ ಬರುವ ಮೊದಲೇ ಹೋಗಿ ಹೇಳಬೇಕು. ಸಾಲ ಕೊಟ್ಟವರ ಹೊಸ್ತಿಲ ಹೊರಗೆ ನಿಂತು ಹೇಳಬೇಕು. ಕೂರುವಂತಿಲ್ಲ. ಪಿಸುಗುಟ್ಟುವಂತಿಲ್ಲ. ಅಕ್ಕಪಕ್ಕದವರಿಗೂ ಕೇಳುವಂತೆ ಹೇಳಬೇಕು. ಒಳಗಿದ್ದವರು ಕೇಳಿ, "ಕೇಳಿಸ್ಕೊಂಡೆ" ಎನ್ನಬೇಕು. ಅಷ್ಟೇ. ಆಮೇಲೆ ಒಂದು ತಿಂಗಳು ಯಾರೂ ಆ ಮಾತು ಎತ್ತುವಂತಿಲ್ಲ. ಮುಂಚೆ ಹೇಳದೆ ಮುಖ ತಪ್ಪಿಸಿಕೊಂಡು ತಿರುಗಿದವನಿಗೆ ಬಟ್ಟೆ ಒಣಗಿಸಲು ಹಗ್ಗದಲ್ಲಿ ಜಾಗ ಸಿಗುತ್ತಿರಲಿಲ್ಲ. ಹೇಳಿದವರಿಗೆ ಮರ್ಯಾದೆ ಹೆಚ್ಚುತ್ತಿತ್ತೇ ಹೊರತು ಕಡಿಮೆಯಾಗುತ್ತಿರಲಿಲ್ಲ. ದೊಡ್ಡಮ್ಮನಿಗಂತೂ ಎಲ್ಲವನ್ನೂ ಮುಂಚೆ ಹೇಳುವ ಚಾಳಿ. "ನಾಳೆ ನನಗೆ ಜ್ವರ ಬರುತ್ತೆ ಕಣೇ, ಮೈ ಹೇಳ್ತಿದೆ" ಎಂದು ಹಿಂದಿನ ದಿನವೇ ಗಂಜಿಗೆ ಅಕ್ಕಿ ತೆಗೆದಿಡುತ್ತಿದ್ದಳು.

ಒಳ್ಳೆಯ ಕಾಲ ಬಂದಾಗ ಬ್ಯಾಂಕೇ ಬೀದಿಗೆ ಬಂತು.

ಊರಿನಲ್ಲಿ ಆಗ ಎತ್ತ ನೋಡಿದರೂ ಕಟ್ಟಡ. ಕಾರ್ಖಾನೆಗಳು ಮೂರು ಪಾಳಿ ಓಡುತ್ತಿದ್ದವು. ಹೊಸ ಆಸ್ಪತ್ರೆಯೊಂದು ಎದ್ದಿತು, ಎಂಟು ಮಹಡಿ. ಎಲ್ಲರ ಕೈಯಲ್ಲೂ ದುಡ್ಡು ಆಡುತ್ತಿತ್ತು. ಬ್ಯಾಂಕಿನ ಮ್ಯಾನೇಜರಿಗೆ ತಿಂಗಳಿಗೆ ಇಷ್ಟು ಸಾಲ ಕೊಡಲೇಬೇಕೆಂಬ ಗುರಿ. ಅವನು ಫಾರಮ್ಮನನ್ನು ಕರೆದು, "ನಿಮ್ಮ ಬೀದಿ ಕಡೆ ಯಾರೂ ಹೋಗೇ ಇಲ್ವಲ್ಲಮ್ಮ. ಸಂಬಂಧಿಕರಾದ್ರೆ ಇನ್ನೂ ಒಳ್ಳೇದು. ಬನ್ನಿ, ನಾನೇ ಬರ್ತೀನಿ" ಎಂದ. ಬಂದ. ಮಗುಚಿಟ್ಟ ಬಕೆಟ್ಟಿನ ಮೇಲೆ ಕೂತ. ಕೊಟ್ಟ ನೀರು ಕುಡಿದ. ಅವನು ನೀರು ಕುಡಿದದ್ದನ್ನು ಬೀದಿ ಒಂದು ವಾರ ಮಾತಾಡಿತು.

"ಅಮ್ಮಾ, ನಿಮ್ಮಂಥೋರಿಗೆ ಕೊಡ್ದೆ ಇನ್ಯಾರಿಗೆ ಕೊಡೋಣ ಹೇಳಿ? ದೊಡ್ಡ ಮಶೀನು ತಗೊಳ್ಳಿ. ಆ ಎಂಟು ಮಹಡಿ ಆಸ್ಪತ್ರೆ ಬಟ್ಟೆಯೆಲ್ಲ ನಿಮಗೇ."

"ನನಗೆ ಎರಡು ಕೈ ಇದೆ ಸ್ವಾಮಿ. ಅಷ್ಟು ಸಾಕು" ಎಂದಳು ದೊಡ್ಡಮ್ಮ.

"ಕೈ ಎಷ್ಟು ದಿನ ಬರುತ್ತಮ್ಮ?"

ಒಪ್ಪಿಸಿದವಳು ಫಾರಮ್ಮ. ಮೂರು ದಿನ ಬೆನ್ನು ಹತ್ತಿದಳು. ಆ ಕೈಗಳನ್ನು ತನ್ನ ಕೈಯಲ್ಲಿ ಹಿಡಿದುಕೊಂಡು, "ಇದಕ್ಕಿನ್ನು ರಜ ಕೊಡು ದೊಡ್ಡಮ್ಮ" ಎಂದಳು. ಒಂದೊಂದು ಸಾಲಕ್ಕೂ ತನಗೆ ಇಷ್ಟು ಎಂದು ಕಮಿಷನ್ ಬರುತ್ತದೆ ಎಂಬುದನ್ನೂ ಹೇಳಿದಳು. ಮುಚ್ಚಿಡಲು ಮನಸ್ಸಾಗಲಿಲ್ಲ.

ಬ್ಯಾಂಕಿಗೆ ಹೋದ ದಿನ ಬೆರಳಚ್ಚಿನ ಯಂತ್ರ ದೊಡ್ಡಮ್ಮನ ಬೆರಳನ್ನು ಒಪ್ಪಲಿಲ್ಲ. ಹೆಬ್ಬೆರಳು ಇಟ್ಟರು, ಕೆಂಪು ದೀಪ. ತೋರುಬೆರಳು, ಕೆಂಪು ದೀಪ. ಹತ್ತೂ ಬೆರಳು ಆಯಿತು. ಹಿಂದೆ ಸಾಲು ನಿಂತವರು ಗೊಣಗಿದರು. ಕೌಂಟರಿನವನು, "ಗೆರೆ ಎಲ್ಲ ಎಲ್ಲೋಯ್ತಮ್ಮ?" ಎಂದು ನಕ್ಕ. ಆಮೇಲೆ ಮೂಗಿಗೆ ಕರ್ಚೀಫು ಒತ್ತಿಕೊಂಡು ಯಂತ್ರದ ಗಾಜನ್ನು ಎರಡು ಸಲ ಒರೆಸಿದ. ದೊಡ್ಡಮ್ಮ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು. ಫಾರಮ್ಮ ಕಲಿಸಿಕೊಟ್ಟಿದ್ದ ರುಜು ಅಂದು ಕೆಲಸಕ್ಕೆ ಬಂತು. ಹನ್ನೆರಡು ಕಡೆ ರುಜು ಹಾಕಿದಳು. ಒಂದೊಂದಕ್ಕೂ ಉಸಿರು ಬಿಗಿಹಿಡಿದು.

ಮಶೀನು ಬಂತು. ಮೂವತ್ತು ಕಿಲೋ ಬಟ್ಟೆ ಒಂದೇ ಸಲ ತಿನ್ನುವ ಡ್ರಮ್ಮು. ಅದರ ಜೊತೆ ಬ್ಯಾಂಕು ಇನ್ನೊಂದು ಖಾತೆ ಕೊಟ್ಟಿತು. ಸೋಪು, ಸೋಡಾ, ಕರೆಂಟು ಬಿಲ್ಲಿಗೆ ಬೇಕಾದಾಗ ಅದರಿಂದ ತೆಗೆಯುವುದು, ಆಸ್ಪತ್ರೆ ದುಡ್ಡು ಕೊಟ್ಟಾಗ ತುಂಬುವುದು. ಬೀದಿಯಲ್ಲಿ ಮೂವತ್ತೊಂದು ಮನೆಯವರು ಹೀಗೆ ಸಾಲ ತೆಗೆದುಕೊಂಡರು. ಮೂರು ವರ್ಷ ಒಂದೇ ಒಂದು ಕಂತು ತಪ್ಪಲಿಲ್ಲ. ದೊಡ್ಡಮ್ಮನಂತೂ ಐದನೇ ತಾರೀಕಿನ ಕಂತನ್ನು ಎರಡಕ್ಕೇ ಕಟ್ಟುತ್ತಿದ್ದಳು. ಅವಳ ಉಗುರುಗಳು ಮತ್ತೆ ಬೆಳೆದವು. ಒಂದು ದಿನ ಅವನ್ನು ಬೆಳಕಿಗೆ ಹಿಡಿದು, "ನೋಡೇ, ಮದುಮಗಳ ಕೈ" ಎಂದಳು.

ಆಮೇಲೆ ಕಾಲ ಕೆಟ್ಟಿತು.

ಯಾರ ತಪ್ಪೋ ಬೀದಿಗೆ ತಿಳಿಯದು. ಮೊದಲು ಕಾರ್ಖಾನೆಯ ಮೂರನೇ ಪಾಳಿ ನಿಂತಿತು. ಆಮೇಲೆ ಎರಡನೆಯದು. ಅರ್ಧ ಎದ್ದ ಕಟ್ಟಡಗಳು ಕಬ್ಬಿಣದ ಸರಳು ಚಾಚಿಕೊಂಡು ಹಾಗೇ ನಿಂತವು. ಕೆಲಸ ಹೋದವರು ಆಪರೇಷನ್ ಮುಂದೂಡಿದರು. ಎಂಟು ಮಹಡಿ ಆಸ್ಪತ್ರೆಯಲ್ಲಿ ಮೂರು ಮಹಡಿಗೆ ದೀಪವಿಲ್ಲ. ಒಗೆದ ಬಟ್ಟೆಯನ್ನು ಅವರು ತಪ್ಪದೆ ತೆಗೆದುಕೊಂಡರು. ಬಿಲ್ಲು ಕೊಟ್ಟರೆ, "ಮುಂದಿನ ವಾರ" ಎಂದರು. ಐದು ತಿಂಗಳು ಮುಂದಿನ ವಾರವಾಯಿತು.

ಆಗ ಬ್ಯಾಂಕು ಹೊಸ ಫಾರಂ ಕೊಟ್ಟು ಫಾರಮ್ಮನನ್ನು ಬೀದಿಗೆ ಕಳಿಸಿತು. ಸಾಲ ಕೊಟ್ಟ ಮನೆಗಳನ್ನೆಲ್ಲ ಮತ್ತೊಮ್ಮೆ ನೋಡಿ ಬರಬೇಕು. ಇಪ್ಪತ್ಮೂರು ಪ್ರಶ್ನೆ. ಮೊದಲು ಹೋದದ್ದು ದೊಡ್ಡಮ್ಮನ ಮನೆಗೆ.

ಹದಿನಾರು ಪ್ರಶ್ನೆ ನಗುತ್ತಲೇ ಆಯಿತು. ಹದಿನೇಳನೆಯದನ್ನು ಅವಳು ಓದಿದಳು. "ಮುಂದಿನ ಮೂರು ತಿಂಗಳಲ್ಲಿ ಕಂತು ಕಟ್ಟಲು ತೊಂದರೆಯಾಗಬಹುದೆಂದು ಸಾಲಗಾರರು ಹೇಳಿದ್ದಾರೆಯೇ?"

ದೊಡ್ಡಮ್ಮ ಮಶೀನು ನಿಲ್ಲಿಸಿದಳು. ಕೈ ಒರೆಸಿಕೊಂಡಳು. ಇದು ಕೂತು ಆಡುವ ಮಾತಲ್ಲ. ಆದರೆ ತನ್ನದೇ ಮನೆ, ಎಲ್ಲಿ ನಿಲ್ಲಬೇಕೆಂದು ತಿಳಿಯಲಿಲ್ಲ. ಕೊನೆಗೆ ಹೊಸ್ತಿಲು ದಾಟಿ ಹೊರಗೆ ಹೋಗಿ, ಒಳಗೆ ಕೂತಿದ್ದ ಫಾರಮ್ಮನ ಕಡೆ ಮುಖ ಮಾಡಿ ನಿಂತಳು.

"ಇದೇನ್ ದೊಡ್ಡಮ್ಮ, ನಿನ್ನ ಮನೆಗೆ ನೀನೇ ಹೊರಗೆ ನಿಂತಿದ್ದೀಯಲ್ಲ!"

"ನೀನೀಗ ಬ್ಯಾಂಕು ಕಣೇ. ಸುಮ್ನೆ ಕೇಳಿಸ್ಕೋ." ಗಂಟಲು ಸರಿಮಾಡಿಕೊಂಡಳು. "ಈ ತಿಂಗಳ ಕಂತು ಕಟ್ಟಿದ್ದೀನಿ. ಮುಂದಿನ ತಿಂಗಳದ್ದೂ ಕಟ್ತೀನಿ. ಅದರಾಚೆ ತಿಂಗಳು ಕಷ್ಟ ಆಗ್ಬಹುದು. ಆಸ್ಪತ್ರೆಯೋರು ಐದು ತಿಂಗಳ ಬಿಲ್ಲು ಇಟ್ಕೊಂಡಿದ್ದಾರೆ. ಕೊಟ್ರೆ ಕಟ್ತೀನಿ. ಕೊಡ್ದಿದ್ರೆ ಒಂದು ತಿಂಗಳು ತಡ ಆಗುತ್ತೆ. ನಾನು ಎಲ್ಲೂ ಓಡಿಹೋಗಲ್ಲ. ಮುಂಚೆನೇ ಹೇಳಿದ್ದೀನಿ."

ಹೇಳಿ ಕಾದು ನಿಂತಳು. ಫಾರಮ್ಮ ಪೆನ್ನು ಹಿಡಿದುಕೊಂಡು ಅವಳನ್ನೇ ನೋಡುತ್ತಿದ್ದಳು.

"ಕೇಳಿಸ್ಕೊಂಡೆ ಅನ್ನೇ!"

"ಕೇಳಿಸ್ಕೊಂಡೆ" ಎಂದಳು ಫಾರಮ್ಮ.

ದೊಡ್ಡಮ್ಮನ ಮುಖ ಹಗುರಾಯಿತು. ಒಳಗೆ ಬಂದು ಮಶೀನು ಹಾಕಿದಳು. ಫಾರಮ್ಮ ಟಿಕ್ಕು ಹಾಕಿದಳು. ಇಲ್ಲ ಎಂದು ಹಾಕಿದರೆ ಸುಳ್ಳಾಗುತ್ತದೆ. ನಿಜ ಬರೆದರೆ ಬ್ಯಾಂಕಿಗೆ ಗೊತ್ತಾಗುತ್ತದೆ, ಒಂದು ತಿಂಗಳು ಸುಮ್ಮನಿರುತ್ತಾರೆ. ಹಾಗೆಂದುಕೊಂಡಳು. ವಿವರ ಬರೆಯಲು ಜಾಗವಿರಲಿಲ್ಲ. ಅಂಚಿನಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದಳು: 'ಇದುವರೆಗೆ ಒಂದು ಕಂತೂ ತಪ್ಪಿಲ್ಲ. ಆಸ್ಪತ್ರೆಯಿಂದ ಐದು ತಿಂಗಳ ಬಿಲ್ಲು ಬರಬೇಕಿದೆ.' ಬರೆದು ಮೂರು ಸಲ ಓದಿದಳು.

ಮೂವತ್ತೊಂದು ಮನೆಗೆ ಮೂರು ದಿನ ಹಿಡಿಯಿತು. ಹಂಡೆ ಇಳಿಸಿ, ಮಗು ಇಳಿಸಿ, ಒಬ್ಬೊಬ್ಬರೂ ತಮ್ಮ ತಮ್ಮ ಹೊಸ್ತಿಲ ಹೊರಗೆ ನಿಂತು ಹೇಳಿದರು. ಇಸ್ತ್ರಿ ಮಾವನೂ ಅವತ್ತು ತಮಾಷೆ ಮಾಡಲಿಲ್ಲ. ಅವಳು ಮೂವತ್ತೊಂದು ಸಲ ಕೇಳಿಸ್ಕೊಂಡೆ ಎಂದಳು. ಮೂವತ್ತೊಂದು ಟಿಕ್ಕು ಹಾಕಿದಳು.

ಹದಿನೈದು ದಿನವಾಗಿತ್ತು. ದೊಡ್ಡಮ್ಮ ಸೋಪಿನ ಅಂಗಡಿಯಲ್ಲಿ ಎರಡು ಮೂಟೆ ಸೋಡಾ ತೂಗಿಸಿ, ಅಂಗಡಿಯವನಿಂದ ಫೋನು ಒತ್ತಿಸಿ ಖಾತೆಯಿಂದ ದುಡ್ಡು ಕಳಿಸಲು ನೋಡಿದಳು. ಹೋಗಲಿಲ್ಲ. ಇನ್ನೊಮ್ಮೆ ಒತ್ತಿಸಿದಳು. ಹೋಗಲಿಲ್ಲ. ಅಂಗಡಿಯವನು ಮೂಟೆಗಳನ್ನು ಕಾಲಿನಿಂದ ಒಳಕ್ಕೆ ಸರಿಸಿಕೊಂಡ. ದೊಡ್ಡಮ್ಮ ಅಲ್ಲಿಂದ ಸೀದಾ ಬ್ಯಾಂಕಿಗೆ ಬಂದಳು. ಒಗೆಯುವ ಬಟ್ಟೆಯಲ್ಲೇ ಬಂದಿದ್ದಳು. ಕಾವಲಿನವನು ಬಾಗಿಲಲ್ಲೇ ತಡೆದ.

"ನನ್ನ ಖಾತೆ ಯಾಕೆ ನಿಂತೋಗಿದೆ ಅಂತ ಕೇಳ್ಬೇಕು."

"ಆ ಕಡೆ ನಿಲ್ಲಿ. ಫ್ಯಾನ್ ಗಾಳಿಗೆ ವಾಸ್ನೆ ಒಳಗೆ ಹೊಡೀತಿದೆ."

ಫಾರಮ್ಮ ಒಳಗಿನಿಂದ ಅದನ್ನು ಕೇಳಿದಳು. ಎದ್ದು ಹೊರಗೆ ಹೋಗಬೇಕಿತ್ತು. ಹೋಗಲಿಲ್ಲ. ಮ್ಯಾನೇಜರ್ ಕೋಣೆಗೆ ಹೋದಳು. ಹೊರಗೆ ಹೋಗಲು ಧೈರ್ಯ ಸಾಲಲಿಲ್ಲ ಎಂಬುದನ್ನು ಅವಳು ಆಮೇಲೆ ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡಳು.

"ಸರ್, ನಮ್ಮ ದೊಡ್ಡಮ್ಮನ ಖಾತೆ..."

"ಆ ಬೀದಿ ಇಡೀ ನಿಂತಿದೆಯಮ್ಮ. ನಾನು ನಿಲ್ಸಿದ್ದಲ್ಲ. ಹೆಡ್ಡಾಫೀಸಿನ ಕಂಪ್ಯೂಟರ್ರು."

ಅವನು ಪರದೆ ತಿರುಗಿಸಿ ತೋರಿಸಿದ. ಬ್ಯಾಂಕಿನಲ್ಲಿ ಒಬ್ಬೊಬ್ಬ ಸಾಲಗಾರನಿಗೂ ಒಂದು ಅಂಕ. ಇವನು ಸಾಲ ಮುಳುಗಿಸುವ ಸಂಭವ ಎಷ್ಟು ಎಂದು ಅಳೆಯುವ ಅಂಕ. ಅದು ಮನುಷ್ಯನೊಬ್ಬನದೇ ಅಲ್ಲ. ಅವನು ಇರುವ ಬೀದಿಗೂ ಒಂದಿಷ್ಟು, ಮಾಡುವ ಕಸುಬಿಗೂ ಒಂದಿಷ್ಟು. ಒಳ್ಳೆಯ ಕಾಲದಲ್ಲಿ ಯಾರೂ ಮುಳುಗಿಸುವುದಿಲ್ಲ, ಎಲ್ಲರ ಅಂಕವೂ ಏರುತ್ತದೆ, ಬ್ಯಾಂಕು ಮನೆಮನೆಗೆ ಹೋಗಿ ಸಾಲ ಕೊಡುತ್ತದೆ. ಕಾಲ ಕೆಟ್ಟಾಗ ಅಂಕ ಇಳಿಯುತ್ತದೆ, ಬ್ಯಾಂಕು ಕೈ ಎಳೆದುಕೊಳ್ಳುತ್ತದೆ. ಕೈ ಬೇಕಾದದ್ದೇ ಆಗ. ದೊಡ್ಡಮ್ಮನ ಅಂಕ ಏಳುನೂರ ನಲವತ್ತಿತ್ತು. ಈಗ ಐನೂರ ಹತ್ತು. ಹೆಸರಿನ ಮುಂದೆ ಹಳದಿ ಬಣ್ಣ.

"ಒಂದೇ ಒಂದು ಕಂತು ತಪ್ಪಿಲ್ಲ ಸರ್."

"ತಪ್ಪಿದ್ದಕ್ಕಲ್ಲಮ್ಮ. ತಪ್ಪಬಹುದು ಅನ್ನೋದಕ್ಕೆ." ಬೆರಳು ಪರದೆಯ ಕೆಳಕ್ಕೆ ಜಾರಿತು. "ಇಲ್ಲಿ ನೋಡಿ. ಹದಿನೇಳು, ಹೌದು. ಅವರೇ ಹೇಳಿದ್ದಾರಲ್ಲ? ಒಂದೇ ಬೀದಿಯಲ್ಲಿ ಮೂವತ್ತೊಂದು ಹೌದು ಬಂದ್ರೆ ಕಂಪ್ಯೂಟರ್ರು ಸುಮ್ನಿರುತ್ತಾ? ಫಾರಂ ತುಂಬಿದ್ದು ಯಾರು?"

ಅವಳು ಪರದೆಗೆ ಮುಖ ಹತ್ತಿರ ತಂದು ಹುಡುಕಿದಳು.

"ಅಂಚಲ್ಲಿ ಬರೆದಿದ್ದೆ ಸರ್. ಆಸ್ಪತ್ರೆ ಬಿಲ್ಲು..."

"ಅಂಚು ಕಂಪ್ಯೂಟರಿಗೆ ಹೋಗಲ್ಲ."

"ಹಾಗಾದ್ರೆ ಇಲ್ಲ ಅಂತ ಹಾಕ್ತೀನಿ ಸರ್. ತಪ್ಪಾಯ್ತು. ಬದಲಾಯಿಸಿ."

"ಈಗ ಬದಲಾಯಿಸಿದ್ರೆ ಖೋಟಾ ಆಗುತ್ತೆ. ನಿಮ್ಮ ಕೆಲಸ ಹೋಗುತ್ತೆ, ನನ್ನ ಕೆಲಸಾನೂ ಹೋಗುತ್ತೆ. ನೋಡಿ, ನಾನು ಕೆಟ್ಟವನಲ್ಲ. ಕಾಲ ಏರುತ್ತೆ, ಇಳಿಯುತ್ತೆ. ಮತ್ತೆ ಏರಿದಾಗ ನಾನೇ ಬಂದು ಕೊಡ್ತೀನಿ."

ಮೇಜಿನ ಮೇಲೆ ಒಂದು ದಪ್ಪ ಕಡತವಿತ್ತು. ಎಂಟು ಮಹಡಿ ಆಸ್ಪತ್ರೆಯದು. ಅವಳು ಕಣ್ಣು ಬೇರೆಡೆ ತಿರುಗಿಸಬೇಕಿತ್ತು. ತಿರುಗಿಸಲಿಲ್ಲ. ಮೇಲಿನ ಹಾಳೆಯಲ್ಲಿ ಎರಡು ವರ್ಷ ಕಂತು ಕಟ್ಟುವುದು ಬೇಡ ಎಂಬ ಮಂಜೂರಾತಿ.

"ಇವರಿಗೆ ಎರಡು ವರ್ಷ ಬಿಟ್ಟಿದ್ದೀರಾ ಸರ್?"

"ಅವರು ಮುಂಚೆನೇ ಪತ್ರ ಬರೆದು ಕಷ್ಟ ಹೇಳ್ಕೊಂಡ್ರಮ್ಮ. ಜವಾಬ್ದಾರಿ ಇರೋರು."

"ನಮ್ಮ ದೊಡ್ಡಮ್ಮನೂ ಮುಂಚೆನೇ ಹೇಳಿದ್ರು."

"ಅದು ಬೇರೆ."

"ಏನು ಬೇರೆ ಸರ್?"

ಅವನು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದ. "ಆ ಆಸ್ಪತ್ರೆ ಬಿದ್ರೆ ಬ್ಯಾಂಕೇ ಅಲ್ಲಾಡುತ್ತೆ. ನಿಮ್ಮ ದೊಡ್ಡಮ್ಮ ಬಿದ್ರೆ..." ಎಂದು ಆ ಕಡತವನ್ನು ಮುಚ್ಚಿ ಪಕ್ಕಕ್ಕೆ ಸರಿಸಿದ.

ಹೊರಗೆ ದೊಡ್ಡಮ್ಮ ಬಿಸಿಲಿನಲ್ಲಿ ನಿಂತಿದ್ದಳು. "ಏನಂತೆ?" ಎಂದಳು. ಫಾರಮ್ಮ ಎಲ್ಲವನ್ನೂ ಹೇಳಿದಳು. ಟಿಕ್ಕು ಹಾಕಿದ್ದನ್ನೂ ಹೇಳಿದಳು. ದೊಡ್ಡಮ್ಮ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ನೀನು ಕೇಳಿಸ್ಕೊಂಡೆ ಅಂದ್ಯಲ್ಲ" ಎಂದಳು, ಅಷ್ಟೇ.

ಆಮೇಲಿನದು ಬೇಗ ಆಯಿತು. ಸೋಡಾ ಇಲ್ಲ, ಬ್ಲೀಚಿಂಗ್ ಇಲ್ಲ. ಕರೆಂಟಿನವರು ಫ್ಯೂಸು ಕಿತ್ತುಕೊಂಡು ಹೋದರು. ಮೂರು ದಿನ ಬಟ್ಟೆ ತಡವಾಯಿತು. ಆಸ್ಪತ್ರೆ ಕೆಲಸವನ್ನು ಬೇರೆಯವರಿಗೆ ಕೊಟ್ಟಿತು. ಹಳೆಯ ಬಿಲ್ಲಿಗೆ, "ಕರಾರು ಮುರಿದವರು ನೀವು" ಎಂದಿತು. ಕಂತು ತಪ್ಪಿತು. ಮೂರು ವರ್ಷದಲ್ಲಿ ಮೊದಲನೇ ಸಲ. ಇನ್ನೊಂದು ತಪ್ಪಿತು. ಮೂರನೆಯದೂ ತಪ್ಪಿತು. ಪರದೆಯಲ್ಲಿ ಹಳದಿ ಕೆಂಪಾಯಿತು. ಹೆಡ್ಡಾಫೀಸಿನಿಂದ ಶಾಖೆಗೆ ಒಂದು ಪತ್ರ ಬಂತು. ಈ ಬೀದಿಯ ಅಪಾಯವನ್ನು ನಮ್ಮ ಅಳತೆ ಮೂರು ತಿಂಗಳ ಮೊದಲೇ ಕಂಡುಹಿಡಿದಿತ್ತು ಎಂದು ಅದರಲ್ಲಿ ಸಂತೋಷಪಟ್ಟಿದ್ದರು. ಸಿಬ್ಬಂದಿಗೆ ಓದಿ ಹೇಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಫಾರಮ್ಮನ ಹೆಸರು ಹೇಳಿ, ಪ್ರಾಮಾಣಿಕ ವರದಿ ಎಂದರು. ಅವಳು ಶೌಚಾಲಯಕ್ಕೆ ಹೋಗಿ ವಾಂತಿ ಮಾಡಿಕೊಂಡಳು.

ಮಶೀನು ಎತ್ತಲು ಬಂದದ್ದು ಒಂದು ಬುಧವಾರ ಬೆಳಿಗ್ಗೆ. ಟೆಂಪೋ, ಮೂರು ಆಳು, ಜಪ್ತಿ ಮಾಡಿಸುವ ದಪ್ಪ ಮೀಸೆಯವನೊಬ್ಬ. ಜೊತೆಗೆ ಫಾರಮ್ಮ. ಮ್ಯಾನೇಜರ್ ಅವಳ ಕೈಗೆ ಒಂದು ಕಾಗದ ಕೊಟ್ಟು ಕಳಿಸಿದ್ದ. ಕೋರ್ಟಿಗೆ ಹೋದರೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಈ ಕಾಗದಕ್ಕೆ ರುಜು ಬಿದ್ದರೆ ಇವತ್ತೇ ಎತ್ತಬಹುದು. ರುಜು ಹಾಕಿದವರಿಗೆ ದಂಡದ ಬಡ್ಡಿ ಮನ್ನಾ. ಮೊದಲು ದೊಡ್ಡಮ್ಮನದು ಆಗಲಿ, ಉಳಿದ ಮೂವತ್ತು ಮನೆಯವರು ಅವಳನ್ನು ನೋಡಿ ಹಾಕುತ್ತಾರೆ. ಇಷ್ಟನ್ನು ಹೇಳಿ, "ನಿಮ್ಮ ಮುಂದಿನ ವರ್ಷದ ಕಾಗದಾನೂ ನನ್ನ ಟೇಬಲ್ ಮೇಲಿದೆಯಮ್ಮ" ಎಂದಿದ್ದ.

ರಾತ್ರಿಯಿಡೀ ಯೋಚಿಸಿ ಅವಳು ತನಗೆ ತಾನೇ ನ್ಯಾಯ ಹೇಳಿಕೊಂಡಿದ್ದಳು. ಮಶೀನು ಹೇಗೂ ಹೋಗುತ್ತದೆ. ದಂಡವಾದರೂ ಉಳಿಯಲಿ.

"ಎಲ್ಲಿ ರುಜು?" ಎಂದಳು ದೊಡ್ಡಮ್ಮ. ಮಶೀನಿಗೆ ಒರಗಿ ನಿಂತಿದ್ದಳು. "ಮೊದ್ಲು ಓದು. ಏನ್ ಬರ್ದಿದೆ?"

ಫಾರಮ್ಮ ಓದಿದಳು. "ನಾನು ನನ್ನ ಸ್ವಂತ ಇಚ್ಛೆಯಿಂದ, ಯಾರ ಒತ್ತಾಯವೂ ಇಲ್ಲದೆ, ಸಂತೋಷದಿಂದ ಈ ಯಂತ್ರವನ್ನು ಬ್ಯಾಂಕಿಗೆ..."

ದನಿ ನಿಂತಿತು.

"ಮುಂದಕ್ಕೆ?"

"ಅಷ್ಟೇ ದೊಡ್ಡಮ್ಮ. ಒಪ್ಪಿಸಿದ್ದೇನೆ ಅಂತ."

"ಸಂತೋಷದಿಂದ ಅಂತ ಬರ್ದಿದೆಯಾ?"

"ಹೂಂ."

ಬೀದಿಯವರು ಬಾಗಿಲಲ್ಲಿ ಸೇರಿದ್ದರು. ಇಸ್ತ್ರಿ ಮಾವ, "ಅಕ್ಕಾ, ಸಂತೋಷ ಆಗಿದ್ರೆ ನಮಗೂ ಸ್ವಲ್ಪ ಹಂಚು" ಎಂದ. ಯಾರೂ ನಗಲಿಲ್ಲ. ಅವನಿಗೂ ನಗು ಬರಲಿಲ್ಲ.

"ಬೇಗ ಹಾಕಮ್ಮ, ಇವತ್ತಿಗೆ ಇನ್ನೂ ನಾಲ್ಕು ಮನೆ ಇದೆ" ಎಂದ ಮೀಸೆಯವನು.

ದೊಡ್ಡಮ್ಮ ಅವನ ಕಡೆ ತಿರುಗಲೇ ಇಲ್ಲ. "ನಾನು ಹಾಕಲ್ಲ. ಕಿತ್ಕೊಳ್ಳಿ. ನೀವು ನಾಲ್ಕು ಜನ ಇದ್ದೀರ, ನಾನು ಮುದುಕಿ, ಕಿತ್ಕೊಂಡು ಹೋಗಿ. ಆದ್ರೆ ಕಿತ್ಕೊಂಡ್ವಿ ಅಂತಾನೇ ಬರ್ಕೊಳ್ಳಿ. ಇವಳು ಕೊಟ್ಳು ಅಂತ ಬರೀಬೇಡಿ. ಏರಿದಾಗ ನೀವೇ ಮನೆಗೆ ಬಂದ್ರಿ. ಇಳಿದಾಗ್ಲೂ ನೀವೇ ಬಂದ್ರಿ. ನಾವು ನಿಮ್ಮ ಬಾಗಿಲಿಗೆ ಬಂದ್ರೆ ವಾಸ್ನೆ. ನಿಜ ಹೇಳಿದ್ದಕ್ಕೆ ನನ್ನ ಖಾತೆ ಹೋಯ್ತು. ಈಗ ಸುಳ್ಳು ಬೇರೆ ನಾನೇ ಬರ್ಕೊಡ್ಬೇಕಾ?"

"ರುಜು ಹಾಕ್ದಿದ್ರೆ ದಂಡ ಕಟ್ಬೇಕಾಗುತ್ತೆ ದೊಡ್ಡಮ್ಮ" ಎಂದಳು ಫಾರಮ್ಮ. ತನ್ನ ದನಿ ತನಗೇ ಮ್ಯಾನೇಜರನದಂತೆ ಕೇಳಿಸಿತು.

ದೊಡ್ಡಮ್ಮ ಅವಳ ಮುಖ ನೋಡಿದಳು. "ನೀನು ಯಾರ ಕಡೆಯಿಂದ ಮಾತಾಡ್ತಿದ್ದೀಯ ಮಗಳೇ?"

ಫಾರಮ್ಮ ಕಾಗದವನ್ನು ಮಡಿಸತೊಡಗಿದಳು.

ಮೀಸೆಯವನಿಗೆ ಇದೆಲ್ಲ ಹೊಸದಲ್ಲ. ಕಾಗದವನ್ನು ಮಗುಚಿ, ಕೆಳಗಿನ ಗೆರೆ ತೋರಿಸಿದ. "ಮುದುಕಿ ಹಾಕ್ದಿದ್ರೂ ನಡೆಯುತ್ತೆ. ಬಾಯಲ್ಲಿ ಒಪ್ಕೊಂಡ್ರು ಅಂತ ಬ್ಯಾಂಕಿನೋರು ಒಬ್ರು ಸಾಕ್ಷಿ ಹಾಕಿದ್ರೆ ಆಯ್ತು. ನೀವೇ ಹಾಕಿ ಮೇಡಂ. ಮುಗ್ಸೋಣ."

ಪೆನ್ನು ಕೊಟ್ಟ. ನೀಲಿ ಪೆನ್ನು. ಅವಳು ಅದನ್ನು ಹಿಡಿದುಕೊಂಡಳು. ಮೂವತ್ತೊಂದು ಜನ ಹೊಸ್ತಿಲ ಹೊರಗೆ ನಿಂತು ತನ್ನನ್ನು ನಂಬಿ ಆಡಿದ ಮಾತು ನೆನಪಿಗೆ ಬಂತು. ಕೆಲಸ ಹೋದರೆ ಬ್ಯಾಂಕಿನ ಹತ್ತಿರ ಹಿಡಿದಿದ್ದ ಕೋಣೆಗೆ ಬಾಡಿಗೆ ಎಲ್ಲಿಂದ ಎಂಬುದೂ ಜೊತೆಗೇ ಬಂತು. ಅವಳು ಧೈರ್ಯವಂತೆಯಲ್ಲ.

"ಅವರು ಒಪ್ಕೊಂಡಿಲ್ಲ" ಎಂದಳು.

"ಏನು?"

"ಅವರು ಬಾಯಲ್ಲೂ ಒಪ್ಕೊಂಡಿಲ್ಲ. ನಾನು ಕೇಳಿಸ್ಕೊಂಡಿದ್ದೀನಿ. ಬೇಡ ಅಂದಿದ್ದಾರೆ. ನಾನು ರುಜು ಹಾಕಲ್ಲ."

"ಮೇಡಂ, ನಿಮ್ಮ ಕೆಲ್ಸ..."

"ಹಾಕಲ್ಲ ಅಂದ್ನಲ್ಲ! ಎಷ್ಟು ಸಲ ಹೇಳ್ಬೇಕು? ಹಾಕಲ್ಲ!"

ಅಷ್ಟು ಜೋರಾಗಿ ಅವಳು ಹುಟ್ಟಿದಾಗಿನಿಂದ ಮಾತಾಡಿರಲಿಲ್ಲ. ಕಾಗದವನ್ನು ನಾಲ್ಕು ತುಂಡು ಮಾಡಿದಳು. ಆಳುಗಳು ಮೀಸೆಯವನ ಮುಖ ನೋಡಿದರು. ಅವನು ಫೋನು ಹಿಡಿದು ಆಚೆ ಹೋದ. ಟೆಂಪೋ ಖಾಲಿಯಾಗಿ ವಾಪಸು ಹೋಯಿತು.

ಇಲ್ಲಿಗೆ ಕಥೆ ಮುಗಿದಿದ್ದರೆ ಬರೆಯುವವರ ಕೈಗೂ ಹಗುರವಾಗುತ್ತಿತ್ತು.

ಸಂಜೆಯೊಳಗೆ ಫಾರಮ್ಮನ ಕೆಲಸ ಹೋಯಿತು. ಐದು ವಾರಕ್ಕೆ ಕೋರ್ಟಿನ ಅಮೀನ ಪೊಲೀಸರೊಂದಿಗೆ ಬಂದ. ಅವನ ಕಾಗದಕ್ಕೆ ಯಾರ ರುಜುವೂ ಬೇಕಿರಲಿಲ್ಲ. ಮಶೀನು ಬಾಗಿಲಲ್ಲಿ ಹಿಡಿಸಲಿಲ್ಲವೆಂದು ಚೌಕಟ್ಟು ಕಿತ್ತರು. ಹರಾಜಿನಲ್ಲಿ ಅದು ಕಾಲುಭಾಗದ ಬೆಲೆಗೆ ಹೋಯಿತು. ಉಳಿದ ಸಾಲ ದೊಡ್ಡಮ್ಮನ ತಲೆಯ ಮೇಲೆ ಹಾಗೇ ಇದೆ. ದಂಡದ ಬಡ್ಡಿ ಸಮೇತ.

ಫಾರಮ್ಮನ ಜಾಗಕ್ಕೆ ಹೊಸಬನೊಬ್ಬ ಬಂದ. ಮಶೀನು ಇನ್ನೂ ಉಳಿದಿದ್ದ ಮನೆಗಳಿಗೆ ಅದೇ ಫಾರಂ ಹಿಡಿದು ಹೋದ. ಹದಿನೇಳನೇ ಪ್ರಶ್ನೆ ಕೇಳಿದ. ಯಾರೂ ಹೊಸ್ತಿಲು ದಾಟಿ ಹೊರಗೆ ಬಂದು ನಿಲ್ಲಲಿಲ್ಲ. ಅರ್ಧ ಬಾಗಿಲು ತೆಗೆದು, "ಏನೂ ತೊಂದ್ರೆ ಇಲ್ಲ, ಎಲ್ಲ ಚೆನ್ನಾಗಿದೆ" ಎಂದರು. ಅವಳಿಗೆ ಮೂರು ದಿನ ಹಿಡಿದ ಬೀದಿ ಅವನಿಗೆ ಅರ್ಧ ಗಂಟೆಯಲ್ಲಿ ಮುಗಿಯಿತು. ಒಬ್ಬರಿಗೊಬ್ಬರು ಕೂಡ ಈಗ ಯಾರೂ ಮುಂಚೆ ಹೇಳುವುದಿಲ್ಲ. ಇಸ್ತ್ರಿ ಮಾವ ಮೂರು ಮನೆಗೆ ದುಡ್ಡು ಕೊಡಬೇಕಿತ್ತು. ಒಂದು ಬೆಳಿಗ್ಗೆ ನೋಡಿದರೆ ಬಾಗಿಲಿಗೆ ಬೀಗ. ಎಲ್ಲಿಗೆ ಹೋದನೆಂದು ಯಾರಿಗೂ ಗೊತ್ತಿಲ್ಲ.

ದೊಡ್ಡಮ್ಮ ಮತ್ತೆ ಹಂಡೆಗೆ ಬಂದಳು. ಸಣ್ಣ ನರ್ಸಿಂಗ್ ಹೋಮುಗಳ ಬಟ್ಟೆ ಹೇಗೋ ಸಿಗುತ್ತಿತ್ತು. ಫಾರಮ್ಮ ಒಂದು ಅಂಗಡಿಯಲ್ಲಿ ಬಿಲ್ಲು ಬರೆಯುವ ಕೆಲಸ ಹಿಡಿದು, ವಾರಕ್ಕೊಮ್ಮೆ ಬಂದು ಹೋಗುತ್ತಿದ್ದಳು. ಒಂದು ಭಾನುವಾರ ಬಂದಾಗ ದೊಡ್ಡಮ್ಮ ಕಾಲುಚೀಲ ಹಾಕಿಕೊಂಡು ಕೂತಿದ್ದಳು. ಹುಟ್ಟಿದಾಗಿನಿಂದ ಕಾಲುಚೀಲ ಹಾಕಿದವಳಲ್ಲ. ಅದೂ ಆ ಬೇಸಿಗೆಯಲ್ಲಿ.

"ಏನ್ ದೊಡ್ಡಮ್ಮ ಇದು?"

"ಚಳಿ ಕಣೇ."

"ಚಳಿ ಎಲ್ಲಿದೆ? ತೆಗಿ."

"ಏನಿಲ್ಲ ಹೋಗೇ."

ಅವಳು ಬಲವಂತವಾಗಿ ಎಳೆದಳು. ಕಾಲುಚೀಲ ಚರ್ಮಕ್ಕೆ ಅಂಟಿಕೊಂಡಿತ್ತು. ಕುದಿಯುವ ಹಂಡೆ ಮಗುಚಿ ಪಾದದಿಂದ ಮೊಣಕಾಲಿನವರೆಗೆ ಬೆಂದಿತ್ತು. ಹತ್ತು ದಿನವಾಗಿತ್ತು. ಕಾಲಿನ ಎರಡು ಬೆರಳು ಕಪ್ಪಾಗಿದ್ದವು. ವಾಸನೆ ಬರುತ್ತಿತ್ತು, ಬ್ಲೀಚಿಂಗಿನದಲ್ಲ.

"ಹತ್ತು ದಿನ! ಹೋದ ಭಾನುವಾರ ಬಂದಿದ್ನಲ್ಲ, ಯಾಕೆ ಹೇಳ್ಲಿಲ್ಲ? ಯಾಕೆ ನನಗೆ ಹೇಳ್ಲಿಲ್ಲ ದೊಡ್ಡಮ್ಮ?"

ದೊಡ್ಡಮ್ಮನಿಗೆ ಜ್ವರ ಏರಿತ್ತು. ತುಟಿ ಒಣಗಿತ್ತು. ಅವಳು ಫಾರಮ್ಮನ ಕೆನ್ನೆ ಸವರಿದಳು.

"ಹೇಳಿದ್ರೆ ಎಲ್ಲಿ ಬರ್ಕೊಂಡ್ಬಿಡ್ತೀಯೋ ಅಂತ" ಎಂದಳು.

ತಮಾಷೆಗೇ ಅಂದದ್ದು. ಅಂದು ನಕ್ಕಳು ಕೂಡ. ಫಾರಮ್ಮ ಅವಳನ್ನು ಬೆನ್ನಿಗೆ ಹಾಕಿಕೊಂಡು ದೊಡ್ಡ ರಸ್ತೆಯ ಕಡೆ ಓಡಿದಳು. ಮೈ ಹತ್ತಿಯ ಮೂಟೆಯಷ್ಟು ಹಗುರಾಗಿತ್ತು. ದಾರಿಯುದ್ದಕ್ಕೂ ಕೇಳುತ್ತಾ ಹೋದಳು, ನೋವಾಗ್ತಿದ್ಯಾ ದೊಡ್ಡಮ್ಮ, ಹೇಳು, ನೋವಾಗ್ತಿದ್ಯಾ. ಬೆನ್ನ ಮೇಲಿನಿಂದ ಪ್ರತಿ ಸಲವೂ ಒಂದೇ ಉತ್ತರ ಬರುತ್ತಿತ್ತು.

"ಇಲ್ಲ."